ಕಾಡಿನ ಸಣ್ಣ ಹಾಡುಹಕ್ಕಿಗಳು ಗೂಡಿಗೆ ಜಾಗ ಆರಿಸುವುದು ಹೇಗೆ? ಖಾನಾಪುರ ಕಾಡಂಚಿನಿಂದ ಒಂದು ಪ್ರಶ್ನೆ

ಜಾಂಬೋಟಿ ಹಾದಿ:

ಎಲ್ಲರಿಗೂ ನಮಸ್ಕಾರ. ನಮ್ಮ ಜಮೀನು ಜಾಂಬೋಟಿಯಿಂದ ಕಣಕುಂಬಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿದೆ. ಮೇಲಿನ ಬದು ದಾಟಿದರೆ ಕಾಡೇ. ಯುಗಾದಿಯಿಂದೀಚೆಗೆ ಮೂರು ಬಗೆಯ ಗೂಡುಗಳನ್ನು ದೂರದಿಂದ ಗಮನಿಸುತ್ತಿದ್ದೇನೆ, ಆದರೆ ಅವುಗಳ ಹಿಂದಿನ ತರ್ಕ ನನಗೆ ಹೊಳೆಯುತ್ತಿಲ್ಲ. ಬೀಸಣಿಗೆ ನೊಣಹಿಡುಕವು ನೇರಳೆ ಮರದ ಎಲೆಯೇ ಇಲ್ಲದ ಕವಲಿನಲ್ಲಿ, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ ಬಟ್ಟಲು ಕಟ್ಟಿ ಕುಳಿತಿದೆ. ಸೂರಕ್ಕಿಯು ಪಡಸಾಲೆಯ ದೀಪದ ವೈರಿಗೆ ಚೀಲ ಜೋತುಬಿಟ್ಟಿದೆ. ಎದೆಯ ಮೇಲೆ ಕಂದು ಚುಕ್ಕೆಗಳಿರುವ ಸಣ್ಣ ಹರಟೆಮಲ್ಲವಂತೂ ಬಿದಿರು ಮೆಳೆಯ ಬುಡದಲ್ಲಿ, ನೆಲದ ಮೇಲೆಯೇ ಇಟ್ಟಿದೆ. ಇವುಗಳ ನಡುವೆ ಕೈ ಹಾಕಲೂ ಆಗದಷ್ಟು ದಟ್ಟವಾದ ಕವಳಿಕಂಟಿಯೊಂದಿದ್ದು, ಅದರಲ್ಲಿ ಯಾವ ಹಕ್ಕಿಯೂ ಗೂಡು ಮಾಡಿಲ್ಲ. ಮುಳ್ಳೂ ಎಲೆಯೂ ಇರುವ ಭದ್ರ ಜಾಗವನ್ನು ಬಿಟ್ಟು ಇವು ಹೀಗೆ ಬಯಲಿಗೆ ಬರುವುದೇಕೆ? ಬಲ್ಲವರು ವಿವರಿಸಬೇಕು.

ಬೆಳಗಾವಿ ಮಾಸ್ತರ:

ನೀವು ಕವಳಿಕಂಟಿಯನ್ನು ಕೈ ಹಾಕಿ ನೋಡಿ ಭದ್ರವೆಂದಿರಿ. ಆದರೆ ಹಕ್ಕಿ ಹೆದರುವುದು ನಿಮ್ಮ ಕೈಗಲ್ಲ. ಅದು ಹೆದರುವುದು ಕೆಂಬೂತಕ್ಕೆ, ಮಟಪಕ್ಷಿಗೆ, ಅಳಿಲಿಗೆ, ಓತಿಕ್ಯಾತಕ್ಕೆ, ಮರವೇರುವ ಹಾವಿಗೆ, ರಾತ್ರಿ ಓಡಾಡುವ ಇಲಿ ಹೆಗ್ಗಣಗಳಿಗೆ. ಇವುಗಳಲ್ಲಿ ಬಹುಪಾಲಿಗೆ ದಟ್ಟ ಪೊದೆಯೇ ಮನೆ. ಕೆಂಬೂತ ಹಾರುವುದಕ್ಕಿಂತ ಹೆಚ್ಚಾಗಿ ಪೊದೆಯೊಳಗೆ ನಡೆದೇ ಬೇಟೆಯಾಡುತ್ತದೆ. ಮುಳ್ಳಿನ ಕಂಟಿಯ ಒಳಗಡೆ ಅದು ಎಷ್ಟು ಸಲೀಸಾಗಿ ಓಡಾಡುತ್ತದೆ ಎಂಬುದನ್ನು ನಿಮ್ಮ ಬದುವಿನ ಮೇಲೆಯೇ ಒಂದು ಬೆಳಿಗ್ಗೆ ನಿಂತು ನೋಡಬಹುದು.

ಅಮೆರಿಕದ ರಾಬರ್ಟ್ ರಿಕ್ಲೆಫ್ಸ್ ಎಂಬ ವಿಜ್ಞಾನಿ 1969ರಲ್ಲಿ ಹಲವು ಜಾತಿಗಳ ಗೂಡಿನ ದಾಖಲೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಮೊಟ್ಟೆ ಮರಿಗಳು ನಷ್ಟವಾಗಲು ಎಲ್ಲಕ್ಕಿಂತ ದೊಡ್ಡ ಕಾರಣ ಅವು ಬೇರೆ ಪ್ರಾಣಿಗಳಿಗೆ ತುತ್ತಾಗುವುದು ಎಂದು ಕಂಡುಬಂದಿತು. ಹಸಿವು, ಹವೆ, ರೋಗ ಎಲ್ಲವೂ ಅದರ ನಂತರದ ಮಾತು. ಹೀಗಾಗಿ ಜಾಗದ ಆಯ್ಕೆಯನ್ನು ನೋಡುವಾಗ ಮೊದಲು ಕೇಳಬೇಕಾದದ್ದು, ಈ ಜಾಗಕ್ಕೆ ಯಾರು ಬರಬಲ್ಲರು, ಯಾರು ಬರಲಾರರು ಎಂಬುದನ್ನು.

ಈಗ ನಿಮ್ಮ ಸೂರಕ್ಕಿಯನ್ನು ತೆಗೆದುಕೊಳ್ಳಿ. ತೆಳ್ಳಗಿನ ವೈರಿನ ತುದಿಗೆ, ಗಾಳಿಗೆ ಓಲಾಡುವಂತೆ ಜೋತುಬಿದ್ದ ಚೀಲವನ್ನು ತಲುಪುವುದು ಹಾವಿಗೂ ಅಳಿಲಿಗೂ ಕಷ್ಟ. ಅದು ಅಡಗಿ ಬದುಕುವುದಕ್ಕಿಂತ ಎಟುಕದಂತೆ ಇದ್ದು ಬದುಕುತ್ತದೆ. ಮನೆಯಲ್ಲಿ ಜನರ ಓಡಾಟ ಇರುವುದರಿಂದ ಮನುಷ್ಯರಿಗೆ ಅಂಜುವ ಕೆಲವು ಕಾಡುಪ್ರಾಣಿಗಳೂ ದೂರ ಉಳಿಯುತ್ತವೆ. ಕಾಗೆಗೂ ಬೆಕ್ಕಿಗೂ ಈ ಮಾತು ಅನ್ವಯಿಸುವುದಿಲ್ಲ, ಆದ್ದರಿಂದ ಮನೆಯ ಆಸರೆ ಎಲ್ಲ ಊರಲ್ಲೂ ಒಂದೇ ಬೆಲೆಯದ್ದಲ್ಲ.

ಬೀಸಣಿಗೆ ನೊಣಹಿಡುಕದ ಬಟ್ಟಲು ನಿಮಗೆ ಕಂಡದ್ದು, ಅದು ಇದೆ ಎಂದು ನಿಮಗೆ ಗೊತ್ತಿರುವುದರಿಂದ. ಗೊತ್ತಿಲ್ಲದವರಿಗೆ ಅದು ಕವಲಿನಲ್ಲಿ ಎದ್ದ ಗಂಟು ಮಾತ್ರ. ಹೊರಮೈಗೆಲ್ಲ ಜೇಡರ ಬಲೆ ಸುತ್ತಿ ಟೊಂಗೆಯ ಬಣ್ಣಕ್ಕೇ ಹೊಂದಿಸಿರುತ್ತದೆ. ಮಧುರಕಂಠವೂ ಹೀಗೆಯೇ ಕಟ್ಟುತ್ತದೆ, ಚಿತ್ರಪಕ್ಷಿಯಂತೂ ತೊಗಟೆಯ ಚೂರು ಮತ್ತು ಕಲ್ಲುಹೂವನ್ನು ಹೊರಗೆ ಅಂಟಿಸಿ ಮರದ ಭಾಗವೇ ಅನಿಸುವಂತೆ ಮಾಡುತ್ತದೆ. ತೆರೆದ ಕವಲಿಗೆ ಇನ್ನೊಂದು ಲಾಭವಿದೆ. ಕುಳಿತ ಹಕ್ಕಿಗೆ ನಾಲ್ಕೂ ದಿಕ್ಕು ಕಾಣುವುದರಿಂದ ಶತ್ರು ಹತ್ತಿರ ಬರುವ ಮುನ್ನವೇ ಅದು ಎದ್ದು ಹೋಗಬಹುದು, ಇಲ್ಲವೇ ಮೇಲೆರಗಬಹುದು. ಬೀಸಣಿಗೆ ನೊಣಹಿಡುಕ ಗಾತ್ರದಲ್ಲಿ ಸಣ್ಣದಾದರೂ ಜಗಳದಲ್ಲಿ ಸಣ್ಣದಲ್ಲ. ಕಾಗೆಯನ್ನೂ ಬೆನ್ನಟ್ಟುತ್ತದೆ.

ನೆಲದ ಹರಟೆಮಲ್ಲದ್ದು ಮತ್ತೊಂದು ದಾರಿ. ಒಣಗಿದ ಬಿದಿರೆಲೆಗಳನ್ನೇ ಗುಮ್ಮಟದಂತೆ ಪೇರಿಸಿ, ಪಕ್ಕಕ್ಕೆ ಬಾಗಿಲು ಬಿಟ್ಟಿರುತ್ತದೆ. ಉದುರಿದ ಎಲೆಗಳ ನಡುವೆ ಅದು ಎಲೆಯ ಇನ್ನೊಂದು ಗುಪ್ಪೆ. ನಮ್ಮ ಕಾಲು ತೀರ ಹತ್ತಿರ ಬರುವ ತನಕ ಹಕ್ಕಿ ಅಲುಗಾಡದೆ ಕುಳಿತಿರುತ್ತದೆ.

ಲೋಂಡಾ ಲೈನ್:

ಮಾಸ್ತರರೇ, ತಮ್ಮ ಮಾತನ್ನು ಅಲ್ಲಗಳೆಯುತ್ತಿಲ್ಲ. ಆದರೆ ಎಲ್ಲವನ್ನೂ ಶತ್ರುವಿನ ಖಾತೆಗೇ ಬರೆದರೆ ನಮ್ಮ ಭಾಗದ ಮಳೆಯನ್ನು ಮರೆತಂತಾಗುತ್ತದೆ. ಮಿರಗ (ಮೃಗಶಿರಾ ಮಳೆ) ಹಿಡಿದ ಮೇಲೆ ಲೋಂಡಾ, ಕಣಕುಂಬಿ, ತಳೇವಾಡಿ ಕಡೆ ದಿನಗಟ್ಟಲೆ ಬಿಸಿಲೇ ಕಾಣುವುದಿಲ್ಲ. ಬಟ್ಟಲಿನಂಥ ಗೂಡಿನಲ್ಲಿ ರೆಕ್ಕೆ ಬಾರದ ಮರಿಗಳಿದ್ದರೆ ತಣ್ಣಗಾಗಿ ಸಾಯಲು ಹಾವೇ ಬರಬೇಕೆಂದಿಲ್ಲ. ಸೂರಕ್ಕಿಯ ಬಾಗಿಲ ಮೇಲೆ ಚಾಚಿಕೊಂಡಿರುವ ಮಾಡನ್ನು ಶತ್ರುವಿಗಾಗಿ ಇಟ್ಟಿದೆಯೆಂದರೆ ನಾನು ಒಪ್ಪುವುದಿಲ್ಲ.

ಸರಳೆ ಸಿಳ್ಳಾರವನ್ನು ನೋಡಿ. ಅದು ಅಷ್ಟೇನೂ ಸಣ್ಣ ಹಕ್ಕಿಯಲ್ಲ, ಆದರೂ ಹಾಡುಹಕ್ಕಿಗಳ ಗುಂಪಿನದೇ. ಉಳಿದವೆಲ್ಲ ಮಳೆಗೆ ಮುಂಚೆ ಕೆಲಸ ಮುಗಿಸಿಕೊಳ್ಳುವಾಗ ಇದು ಹಳ್ಳಗಳು ತುಂಬಿ ಹರಿಯುವ ಹೊತ್ತಿಗೇ ಹಾಡು ಏರಿಸಿ, ಜರಿಯ ಪಕ್ಕದ ಬಂಡೆಯ ಬಿರುಕಿನಲ್ಲಿ ಬೇರು, ಪಾಚಿ, ಕೆಸರು ಸೇರಿಸಿ ಗೂಡು ಮಾಡುತ್ತದೆ. ನಮ್ಮ ಹಳಿಯ ಕೆಳಗಿನ ಹಳೆಯ ಮೋರಿಗಳ ಕಲ್ಲುಸಂದಿಯಲ್ಲಿಯೂ ನೋಡಿದ್ದೇನೆ. ಮೇಲೆ ಕಲ್ಲಿನ ಚಾಚು ಇಲ್ಲದ ಕಡೆ ಅದು ಗೂಡಿಡುವುದನ್ನು ನಾನಂತೂ ಕಂಡಿಲ್ಲ. ಮಳೆಗೆ ಮರೆ ಬೇಕೆಂಬುದೇ ಅಲ್ಲಿ ಮೊದಲ ಲೆಕ್ಕ.

ವಿಜಯಪುರ ಬಯಲು:

ನಾನು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಇಬ್ಬರ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬಹುದೆನಿಸುತ್ತದೆ. ಮಳೆಯು ಹೆಚ್ಚಾಗಿ ಯಾವಾಗ ಕಟ್ಟಬೇಕೆಂಬುದನ್ನು ತೀರ್ಮಾನಿಸುತ್ತದೆ, ಶತ್ರುಗಳು ಹೆಚ್ಚಾಗಿ ಎಲ್ಲಿ ಕಟ್ಟಬೇಕೆಂಬುದನ್ನು ತೀರ್ಮಾನಿಸುತ್ತವೆ. ಪಶ್ಚಿಮ ಘಟ್ಟದ ಸಣ್ಣ ಹಕ್ಕಿಗಳಲ್ಲಿ ಬಹಳಷ್ಟು ಫೆಬ್ರವರಿಯಿಂದ ಮೇ ತಿಂಗಳ ನಡುವೆ, ರೋಹಿಣಿ ಮಳೆಗೆ ಮುಂಚೆಯೇ ಮರಿ ಹಾರಿಸಲು ನೋಡುತ್ತವೆ. ನಮ್ಮ ವಿಜಯಪುರದ ಬಯಲಿನಲ್ಲಿ ಇದು ತಿರುಗುಮುರುಗು. ಇಲ್ಲಿ ಮಳೆ ಬಂದ ಮೇಲೆಯೇ ಹುಲ್ಲು, ಹುಲ್ಲಿನ ನಂತರವೇ ಹುಳು, ಆದ್ದರಿಂದ ಗೀಜಗಗಳೂ ಹುಲ್ಲುಗಾವಲಿನ ಇತರ ಸಣ್ಣ ಹಕ್ಕಿಗಳೂ ಜೂನ್ ನಂತರ ಚುರುಕಾಗುತ್ತವೆ. ಎರಡು ಊರುಗಳ ನಡುವೆ ಒಂದು ಹಗಲಿನ ಬಸ್ ಪ್ರಯಾಣವಷ್ಟೇ ಇದ್ದರೂ ಹಕ್ಕಿಗಳ ಪಂಚಾಂಗ ಬೇರೆ.

ಬೆಳಗಾವಿ ಸುತ್ತಲಿನ ಗೂಡುಗಳ ಕುರಿತು ಹಳೆಯ ದಾಖಲೆಗಳೂ ಇವೆ. 1880ರ ಆಸುಪಾಸಿನಲ್ಲಿ ಇಲ್ಲಿನ ದಂಡಿನಲ್ಲಿದ್ದ ಕ್ಯಾಪ್ಟನ್ ಬಟ್ಲರ್ ಎಂಬ ಬ್ರಿಟಿಷ್ ಅಧಿಕಾರಿ ದಖ್ಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಪಕ್ಷಿಗಳ ಪಟ್ಟಿ ಮಾಡಿದರು. ಗೂಡು ಮೊಟ್ಟೆಗಳ ವಿವರಗಳನ್ನು ಎ. ಒ. ಹ್ಯೂಮ್ ಎಂಬ ಪಕ್ಷಿತಜ್ಞರಿಗೂ ಒದಗಿಸಿದರು. ಆ ಕಾಲದಲ್ಲಿ ಅಧ್ಯಯನವೆಂದರೆ ಮೊಟ್ಟೆಯನ್ನೇ ಎತ್ತಿ ಪೆಟ್ಟಿಗೆಗೆ ಹಾಕುವುದಾಗಿತ್ತು. ಇಂದು ಅದನ್ನು ಯಾರೂ ಸಮರ್ಥಿಸಲಾರರು, ಆದರೆ ಯಾವ ತಿಂಗಳು, ಯಾವ ಎತ್ತರ, ಯಾವ ಮರ ಎಂಬ ಅವರ ಟಿಪ್ಪಣಿಗಳು ಇಂದಿಗೂ ಉಪಯೋಗಕ್ಕೆ ಬರುತ್ತವೆ.

ಮಾಡಿನ ಕುರಿತು ಲೋಂಡಾದ ಸರ್ ಹೇಳಿದ್ದಕ್ಕೆ ಒಂದು ಕುತೂಹಲದ ಪೂರಕ ಸಂಗತಿಯಿದೆ. ಬಟ್ಟಲುಗೂಡು ಸರಳವಾಗಿ ಕಾಣುವುದರಿಂದ ಅದೇ ಮೊದಲಿನದು, ಮುಚ್ಚಿದ ಗೂಡು ಆಮೇಲೆ ಬಂದ ಸುಧಾರಣೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. 2017ರಲ್ಲಿ ಪ್ರಕಟವಾದ ಪ್ರೈಸ್ ಮತ್ತು ಗ್ರಿಫಿತ್ ಅವರ ಅಧ್ಯಯನವು ಹಾಡುಹಕ್ಕಿಗಳ ವಂಶವೃಕ್ಷವನ್ನು ಹಿಂದಕ್ಕೆ ಹಿಡಿದು ಹೋಗಿ, ಆರಂಭದಲ್ಲಿ ಇದ್ದದ್ದು ಛಾವಣಿಯುಳ್ಳ ಗೂಡು, ತೆರೆದ ಬಟ್ಟಲು ಅದರಿಂದ ಬಂದದ್ದು ಎಂದು ತೋರಿಸಿತು. ಛಾವಣಿ ಬಿಟ್ಟುಕೊಟ್ಟದ್ದರಿಂದ ಏನು ಸಿಕ್ಕಿತು ಎಂದು ಕೇಳಿದರೆ, ಬೇಗ ಕಟ್ಟಬಹುದು, ಸಾಮಗ್ರಿ ಕಡಿಮೆ ಸಾಕು, ಗಾತ್ರವೂ ಸಣ್ಣದಾಗುತ್ತದೆ ಎಂಬ ಉತ್ತರ ನನಗೆ ಸರಿಯೆನಿಸುತ್ತದೆ. ಮೊದಲ ಗೂಡು ಲೂಟಿಯಾದರೆ ಬೇಗನೆ ಇನ್ನೊಂದನ್ನು ಕಟ್ಟಬಲ್ಲ ಹಕ್ಕಿಗೆ ಅದೇ ದೊಡ್ಡ ಗಳಿಕೆ. ಬೆಳ್ಗಣ್ಣ ಎಂಬ ಪುಟ್ಟ ಹಳದಿ ಹಕ್ಕಿ ಸುಮಾರು 4 ದಿನಗಳಲ್ಲಿ ಗೂಡು ಮುಗಿಸುತ್ತದೆ, ಸುಮಾರು 10 ದಿನಕ್ಕೆ ಮೊಟ್ಟೆ ಒಡೆಯುತ್ತದೆ, ಮತ್ತೆ 10 ದಿನಕ್ಕೆ ಮರಿ ಹೊರಬೀಳುತ್ತದೆ. ಒಂದು ತಿಂಗಳೊಳಗೆ ಸಂಸಾರ ಮುಗಿಸುವ ಈ ಅವಸರವೂ ಒಂದು ರಕ್ಷಣೆಯೇ.

ಜಾಂಬೋಟಿ ಹಾದಿ:

ತುಂಬಾ ಉಪಕಾರವಾಯಿತು. ಹಾಗಾದರೆ ಜಾಗವನ್ನು ಆರಿಸುವುದು ಯಾರು, ಗಂಡೋ ಹೆಣ್ಣೋ? ಮತ್ತು ಗೂಡಿನ ನೆರೆಹೊರೆಯನ್ನೂ ಅವು ನೋಡುತ್ತವೆಯೇ? ಕಾಜಾಣ ಗೂಡಿಟ್ಟ ಮತ್ತಿಯ ಮರದಲ್ಲಿಯೇ ಹೊನ್ನಕ್ಕಿಯೂ ಓಡಾಡುತ್ತಿರುವುದರಿಂದ ಕೇಳುತ್ತಿದ್ದೇನೆ.

ಬೆಳಗಾವಿ ಮಾಸ್ತರ:

ಅನೇಕ ಸಣ್ಣ ಹಕ್ಕಿಗಳಲ್ಲಿ ಕೊನೆಯ ಮಾತು ಹೆಣ್ಣಿನದು. ಸೂರಕ್ಕಿಯಲ್ಲಿ ಕಟ್ಟುವ ಕೆಲಸವೂ ಮುಖ್ಯವಾಗಿ ಹೆಣ್ಣಿನದೇ, ಗಂಡು ಹಿಂದೆ ಮುಂದೆ ಹಾರಾಡುತ್ತ ಕಾವಲಿದ್ದಂತೆ ತೋರಿಸಿಕೊಳ್ಳುತ್ತದೆ. ರಾಜಹಕ್ಕಿಯಲ್ಲಿ ಇಬ್ಬರೂ ದುಡಿಯುತ್ತಾರೆ. ಅಷ್ಟುದ್ದದ ಬಿಳಿ ಬಾಲವಿರುವ ಗಂಡೂ ಸರದಿಯಲ್ಲಿ ಕಾವು ಕೂರುತ್ತದೆ, ಬಾಲ ಬಟ್ಟಲಿನ ಅಂಚಿನಿಂದ ಕೆಳಗೆ ಇಳಿಬಿದ್ದಿರುತ್ತದೆ. ಗೀಜಗದಲ್ಲಿ ಗಂಡು ಅರ್ಧ ಕಟ್ಟಿ ನಿಲ್ಲಿಸಿ, ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದ ಮೇಲೆಯೇ ಮುಂದಿನ ನಳಿಕೆ ಇಳಿಸುತ್ತದೆ ಎಂಬುದನ್ನು ಸಾಲಿಂ ಅಲಿಯವರು 1930ರ ಸುಮಾರಿಗೆ ವಿವರವಾಗಿ ದಾಖಲಿಸಿದ್ದರು.

ಆಯ್ಕೆ ನಡೆಯುವಾಗ ನೋಡಿದರೆ ಅದರ ಕ್ರಮ ತಿಳಿಯುತ್ತದೆ. ಹೆಣ್ಣು ಒಂದು ಕವಲಿಗೆ ಬಂದು ಕೂರುತ್ತದೆ, ಎದೆಯನ್ನು ಕವಲಿಗೆ ಒತ್ತಿ ನಿಧಾನವಾಗಿ ಒಂದು ಸುತ್ತು ತಿರುಗುತ್ತದೆ, ಹಾರಿ ಪಕ್ಕದ ಕವಲಿಗೆ ಹೋಗಿ ಅದನ್ನೇ ಮಾಡುತ್ತದೆ. ಮತ್ತೆ ಮೊದಲಿನದಕ್ಕೆ ಬರುತ್ತದೆ. ಬಟ್ಟಲು ಅಲ್ಲಿ ಕೂರುತ್ತದೆಯೋ ಇಲ್ಲವೋ ಎಂದು ಮೈಯಿಂದಲೇ ಅಳೆಯುತ್ತಿರುವಂತೆ ಕಾಣುತ್ತದೆ. ಹೋದ ಸಲ ಗೂಡು ಕಳೆದುಕೊಂಡ ಹಕ್ಕಿಗಳು ಮುಂದಿನದನ್ನು ದೂರಕ್ಕೆ ಒಯ್ಯುವುದೂ ಮರಿ ಹಾರಿಸಿದವು ಹತ್ತಿರದಲ್ಲೇ ಉಳಿಯುವುದೂ ಹಲವು ಜಾತಿಗಳಲ್ಲಿ ಕಂಡುಬಂದಿದೆ.

ನೆರೆಹೊರೆಯ ಮಾತು ನಿಜ. ಕಾಜಾಣ ತನ್ನ ಗೂಡಿನ ಸುತ್ತ ಕಾಗೆ, ಹದ್ದು, ಮಟಪಕ್ಷಿ ಯಾವುದನ್ನೂ ಸುಳಿಯಗೊಡುವುದಿಲ್ಲ, ಆದರೆ ಹೊನ್ನಕ್ಕಿ, ಪಿಕಳಾರ, ಪಾರಿವಾಳದ ಜಾತಿಯ ಸಾಧು ಹಕ್ಕಿಗಳನ್ನು ಸಹಿಸಿಕೊಳ್ಳುತ್ತದೆ. ಅದೇ ಮರದಲ್ಲಿ ಅಥವಾ ಪಕ್ಕದ ಮರದಲ್ಲಿ ಗೂಡಿಟ್ಟವರಿಗೆ ಪುಕ್ಕಟೆ ಕಾವಲು ಸಿಗುತ್ತದೆ. ರಾಜಹಕ್ಕಿಯೂ ಕೆಲವೊಮ್ಮೆ ಕಾಜಾಣದ ಆಸರೆಗೆ ಬರುತ್ತದೆ. ಅಮೆರಿಕದ ಉಷ್ಣವಲಯದಲ್ಲಿ ಕಣಜದ ಗೂಡಿನ ಪಕ್ಕದಲ್ಲೇ ಕಟ್ಟುವ ಹಕ್ಕಿಗಳ ಬಗ್ಗೆ ಸಾಕಷ್ಟು ಅಧ್ಯಯನ ನಡೆದಿದೆ. ಲೊಟೆನ್ನನ ಸೂರಕ್ಕಿ ನಮ್ಮಲ್ಲಿಯೇ, ಗುಂಪಾಗಿ ಬದುಕುವ ಜೇಡಗಳ ದೊಡ್ಡ ಬಲೆಯೊಳಗೆ ಗೂಡನ್ನು ಸೇರಿಸಿಬಿಡುವುದುಂಟು. ಅಲ್ಲಿ ಸಾಮಗ್ರಿಯೂ ಮರೆಯೂ ಒಂದೇ ಕಡೆ ದೊರೆಯುತ್ತವೆ.

ಲೋಂಡಾ ಲೈನ್:

ಕಾಜಾಣದ ವಿಷಯ ಒಪ್ಪಿದೆ. ಮಳೆಯ ವಿಷಯದಲ್ಲಿ ಅಕ್ಕಾವರ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ, ಜಾಗಕ್ಕೂ ಮಳೆಗೂ ಸಂಬಂಧವಿದ್ದೇ ಇದೆ. ಅದಿರಲಿ, ಕಟ್ಟುವ ಬಗೆಯನ್ನು ಯಾರಾದರೂ ಬಿಡಿಸಿ ಬರೆದರೆ ಚೆನ್ನಾಗಿತ್ತು. ಕೊಕ್ಕು ಒಂದೇ ಉಪಕರಣವಾಗಿರುವಾಗ ಗಾಳಿಯಲ್ಲಿ ಮೊದಲ ಎಳೆ ನಿಲ್ಲುವುದಾದರೂ ಹೇಗೆ?

ವಿಜಯಪುರ ಬಯಲು:

ಮೊದಲ ಎಳೆ ನಿಲ್ಲುವುದು ಜೇಡರ ಬಲೆಯ ಅಂಟಿನಿಂದ. ಸೂರಕ್ಕಿ ಬಲೆಯನ್ನು ಕೊಕ್ಕಿನಲ್ಲಿ ಸುತ್ತಿ ತಂದು ಟೊಂಗೆಯ ತುದಿಗೆ ಒರೆಸುತ್ತದೆ, ಮತ್ತೆ ತಂದು ಅದರ ಮೇಲೆಯೇ ಒರೆಸುತ್ತದೆ. ಹೀಗೆ ಒಂದು ದಪ್ಪ ಜೋತುಹಗ್ಗವಾದ ಮೇಲೆ ನಾರು, ಒಣಹುಲ್ಲು, ತೊಗಟೆ ಅಂಟಿಸುತ್ತ ಒಂದು ಮುದ್ದೆ ಮಾಡಿ, ನಡುವೆ ತಲೆ ತೂರಿಸಿ ಒಳಗೆ ಹೋಗುತ್ತದೆ. ಒಳಗಿನಿಂದ ಎದೆಯೊತ್ತಿ, ಕಾಲಿನಿಂದ ಹಿಂದಕ್ಕೆ ಒದೆಯುತ್ತ ಸುತ್ತುವುದರಿಂದ ಗೋಡೆ ಹೊರಕ್ಕೆ ಉಬ್ಬಿ ಕೋಣೆಯಾಗುತ್ತದೆ. ಹೊರಗೆ ಕಂಬಳಿಹುಳುವಿನ ಹಿಕ್ಕೆ, ಒಣ ಎಲೆಯ ತುಣುಕು, ತೊಗಟೆಯ ಚೂರುಗಳನ್ನು ತೂಗುಬಿಡುತ್ತದೆ, ಕೆಳಗೆ ಒಂದು ಬಾಲವೂ ಇಳಿದಿರುತ್ತದೆ. ದೂರಕ್ಕೆ ಅದು ಹಳೆಯ ಜೇಡರ ಬಲೆಯಲ್ಲಿ ಸಿಕ್ಕಿಕೊಂಡ ಕಸ. ಒಳಗೆ ಮಾತ್ರ ಎಕ್ಕೆಯ ಅಥವಾ ಬೂರಲದ ಅರಳೆ.

ಬಟ್ಟಲು ಕಟ್ಟುವ ಮಧುರಕಂಠ, ಬೆಳ್ಗಣ್ಣಗಳಿಗೂ ಇದೇ ಕ್ರಮ. ಕವಲಿನ ಎರಡು ಕಡ್ಡಿಗಳ ನಡುವೆ ಬಲೆಯನ್ನು ಎಳೆದು ತೂಗುಮಂಚದಂತೆ ಮಾಡಿಕೊಂಡು, ಅದರ ಮೇಲೆ ನಾರಿನ ಸುತ್ತುಗಳನ್ನು ಇಡುತ್ತವೆ. ಆಗಾಗ ಮಧ್ಯೆ ಕುಳಿತು ತಿರುಗುವುದರಿಂದ ಒಳಗಿನ ಗುಂಡಗಿನ ಆಕಾರ ಹಕ್ಕಿಯ ಎದೆಯ ಅಳತೆಗೇ ಬರುತ್ತದೆ. ಅಂಚನ್ನು ಕೊಕ್ಕು ಮತ್ತು ಗದ್ದದಿಂದ ಒಳಮುಖವಾಗಿ ಒತ್ತುತ್ತವೆ. ಬಲೆಗೆ ಹಿಗ್ಗುವ ಗುಣ ಇರುವುದರಿಂದ ಮರಿ ಬೆಳೆದಂತೆ ಬಟ್ಟಲೂ ಸ್ವಲ್ಪ ಸಡಿಲವಾಗುತ್ತದೆ. ಯುರೋಪಿನ ಉದ್ದಬಾಲದ ಟಿಟ್ ಹಕ್ಕಿಯ ಗೂಡನ್ನು ಪರೀಕ್ಷಿಸಿದ ಮೈಕ್ ಹ್ಯಾನ್ಸೆಲ್ ಎಂಬ ವಿಜ್ಞಾನಿ, ಅದರಲ್ಲಿ ಪಾಚಿಯ ಸಣ್ಣ ಎಲೆಗಳು ಕೊಕ್ಕೆಗಳಾಗಿಯೂ ಜೇಡದ ಮೊಟ್ಟೆಚೀಲದ ಎಳೆಗಳು ಕುಣಿಕೆಗಳಾಗಿಯೂ ವರ್ತಿಸಿ, ಮಕ್ಕಳ ಚಪ್ಪಲಿಯ ವೆಲ್ಕ್ರೋ ಪಟ್ಟಿಯ ಹಾಗೆ ಹಿಡಿದುಕೊಳ್ಳುತ್ತವೆ ಎಂದು ವಿವರಿಸಿದ್ದಾರೆ. ಅಂಟು ಒಣಗಿದ ಮೇಲೂ ಗೂಡು ಬಿಚ್ಚಿಕೊಳ್ಳದಿರುವುದಕ್ಕೆ ಅದು ಕಾರಣ.

ಸಿಂಪಿಗ ಹಕ್ಕಿಯ ಹೊಲಿಗೆಯನ್ನು ಎಲ್ಲರೂ ಹೊಗಳುತ್ತಾರೆ, ಆದರೆ ಹತ್ತಿರದಿಂದ ನೋಡಿದವರು ಕಡಿಮೆ. ದಾರ ಉದ್ದಕ್ಕೂ ಓಡುವುದಿಲ್ಲ. ಎಲೆಯ ಅಂಚಿನಲ್ಲಿ ಕೊಕ್ಕಿನಿಂದ ಸೂಕ್ಷ್ಮ ತೂತು ಮಾಡಿ, ಅರಳೆ ಅಥವಾ ಬಲೆಯ ಎಳೆಯನ್ನು ತೂರಿಸುತ್ತದೆ. ಆಚೆ ಬದಿಯಲ್ಲಿ ಎಳೆ ಬಿರಿದು ಉಬ್ಬಿಕೊಳ್ಳುವುದರಿಂದ ಹಿಂದಕ್ಕೆ ಜಾರುವುದಿಲ್ಲ. ಪ್ರತಿ ತೂತಿಗೂ ಬೇರೆ ಎಳೆ. ತೂತು ಎಷ್ಟು ಚಿಕ್ಕದೆಂದರೆ ಎಲೆ ಕಂದುಬಣ್ಣಕ್ಕೆ ತಿರುಗುವುದಿಲ್ಲ, ಹಸಿರಾಗಿಯೇ ಬದುಕಿರುತ್ತದೆ. ಎಲೆಯ ಮೇಲ್ಮುಖವೇ ಹೊರಗೆ ಬರುವಂತೆ ಮಡಿಸುವುದರಿಂದ ಬಣ್ಣದ ವ್ಯತ್ಯಾಸವೂ ಕಾಣದು. ಬಟ್ಟಲನ್ನು ಆಮೇಲೆ ಒಳಗಡೆ ತುಂಬುತ್ತದೆ.

ಮಳೆಯ ಕುರಿತು ಲೋಂಡಾದ ಸರ್‌ಗೆ ಒಂದು ಮಾತನ್ನು ಬಿಟ್ಟುಕೊಡುತ್ತೇನೆ. ಉಷ್ಣವಲಯದ ಕಾಡುಗಳಲ್ಲಿ ಅನೇಕ ಹಕ್ಕಿಗಳು ಕುದುರೆ ಕೂದಲಿನಂಥ ಕಪ್ಪು ಶಿಲೀಂಧ್ರದ ಎಳೆಗಳನ್ನು ಗೂಡಿಗೆ ಬಳಸುತ್ತವೆ. ಅವು ನೀರು ಹೀರಿಕೊಳ್ಳುವುದಿಲ್ಲ, ಗಟ್ಟಿಯೂ ಹೌದು. ಸಾಮಗ್ರಿಯ ಆಯ್ಕೆಯಲ್ಲಿ ಮಳೆಯ ಕೈವಾಡ ಜಾಗದ ಆಯ್ಕೆಗಿಂತ ಹೆಚ್ಚು ಸ್ಪಷ್ಟವಾಗಿದೆ.

ಬಾದಾಮಿ ಬಂಡೆ:

ಇಷ್ಟೆಲ್ಲ ಕೌಶಲ ಹುಟ್ಟಿನಿಂದಲೇ ಬರುತ್ತದೆಯೇ? ನಮ್ಮ ಹಿರಿಯರು ಹಕ್ಕಿಗೆ ಗೂಡು ಕಲಿಸಿದವರಾರು ಎಂದು ಕೇಳುತ್ತಿದ್ದರು. ಯಾರೂ ಕಲಿಸಲಿಲ್ಲ ಎಂಬುದೇ ಅವರ ಅಭಿಪ್ರಾಯವಾಗಿತ್ತು.

ವಿಜಯಪುರ ಬಯಲು:

ಮೂಲ ಚಲನೆಗಳು ಹುಟ್ಟಿನಿಂದ ಬರುತ್ತವೆ, ಕೈಹದ ಅನುಭವದಿಂದ ಬರುತ್ತದೆ. ಆಫ್ರಿಕದ ಬೋಟ್ಸ್ವಾನಾದಲ್ಲಿ ನೇಕಾರ ಹಕ್ಕಿಗಳನ್ನು ಚಿತ್ರೀಕರಿಸಿ ನಡೆಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಒಂದೇ ಗಂಡು ಒಂದರ ನಂತರ ಒಂದು ಗೂಡು ಕಟ್ಟುತ್ತ ಹೋದಂತೆ ಕೊಕ್ಕಿನಿಂದ ಹುಲ್ಲು ಜಾರಿಬೀಳುವುದು ಕಡಿಮೆಯಾಯಿತು. ಒಂದೇ ಜಾತಿಯ ಬೇರೆ ಬೇರೆ ಹಕ್ಕಿಗಳ ಕಟ್ಟುವ ರೀತಿಯಲ್ಲಿಯೂ ವ್ಯತ್ಯಾಸವಿತ್ತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದ ಸಂಶೋಧಕರು ಪಂಜರದ ಜೀಬ್ರಾ ಫಿಂಚ್‌ಗಳಿಗೆ ಎರಡು ಬಣ್ಣದ ಕಾಗದದ ಪಟ್ಟಿಗಳನ್ನು ಕೊಟ್ಟಾಗ, ಹೆಚ್ಚಿನ ಗಂಡುಗಳು ಗೂಡಿನ ಹಿಂದಿನ ಗೋಡೆಯ ಬಣ್ಣಕ್ಕೆ ಹೊಂದುವುದನ್ನೇ ಹೆಚ್ಚಾಗಿ ಆರಿಸಿದವು. ಗೂಡನ್ನು ಮರೆಮಾಚುವುದು ಸಾಮಗ್ರಿಯ ಲಭ್ಯತೆಯಿಂದ ಆಕಸ್ಮಿಕವಾಗಿ ಆದದ್ದಲ್ಲ ಎನ್ನಲು ಇದು ಬಲವಾದ ಆಧಾರ. ಹಾಗೆಂದು ಮಧುರಕಂಠ ಪ್ರಯತ್ನಪಟ್ಟು ಸೂರಕ್ಕಿಯ ಚೀಲ ಕಟ್ಟೀತೆಂದು ಅರ್ಥವಲ್ಲ. ಜಾತಿಯ ನಕ್ಷೆ ಬದಲಾಗುವುದಿಲ್ಲ.

ಗೋಕಾಕ ಫೋಟೋಗ್ರಾಫರ್:

ನಾನು ಇಲ್ಲಿಯ ಚರ್ಚೆಯನ್ನು ಓದಿ ಜಾಂಬೋಟಿಯ ರಾಜಹಕ್ಕಿಯ ಗೂಡನ್ನು ಚಿತ್ರೀಕರಿಸಲು ಬರಬೇಕೆಂದುಕೊಂಡಿದ್ದೇನೆ. ಎಲೆ ಅಡ್ಡ ಬಂದರೆ ಒಂದೆರಡು ಕಡ್ಡಿ ಸರಿಸಿಕೊಂಡು, ಕೆಲಸ ಮುಗಿದ ಮೇಲೆ ಮೊದಲಿನಂತೆ ಬಿಟ್ಟರೆ ತೊಂದರೆಯೇನೂ ಇಲ್ಲವಷ್ಟೇ? ಮುಟ್ಟಿದರೆ ಮಾತ್ರ ತಾಯಿ ಬಿಟ್ಟುಹೋಗುತ್ತದೆ ಎಂದು ಕೇಳಿದ್ದೇನೆ.

ಬೆಳಗಾವಿ ಮಾಸ್ತರ:

ದಯವಿಟ್ಟು ಬೇಡ, ತಮ್ಮಾ. ಮನುಷ್ಯನ ವಾಸನೆಗೆ ತಾಯಿ ಮರಿಯನ್ನು ಬಿಡುತ್ತದೆಂಬುದು ಸುಳ್ಳು ನಂಬಿಕೆ, ಆದರೆ ಗೂಡಿನ ಬಳಿ ಮತ್ತೆ ಮತ್ತೆ ಸುಳಿದಾಡಿದರೆ ಅದು ಬಿಡುವುದು ನಿಜ. ಕಟ್ಟುವ ಹಂತದಲ್ಲಿಯೂ ಮೊಟ್ಟೆಯ ಮೊದಲ ದಿನಗಳಲ್ಲಿಯೂ ಬಿಡುವ ಸಾಧ್ಯತೆ ಹೆಚ್ಚು. ಅದಕ್ಕಿಂತ ದೊಡ್ಡ ಅಪಾಯ ಬೇರೆಯಿದೆ. ನೀವು ಸರಿಸುವ ಆ ಒಂದೆರಡು ಕಡ್ಡಿಗಳು ಇರುವ ಕಾರಣಕ್ಕೇ ಹಕ್ಕಿ ಆ ಜಾಗವನ್ನು ಆರಿಸಿರುತ್ತದೆ. ಕಾಗೆ, ಮಟಪಕ್ಷಿಗಳು ಮನುಷ್ಯ ಎಲ್ಲಿ ನಿಂತು ನೋಡುತ್ತಾನೆ ಎಂಬುದನ್ನು ಗಮನಿಸುವಷ್ಟು ಜಾಣವಾಗಿವೆ. ನೀವು ಹೊರಟ ಮೇಲೆ ಅವು ಬರುತ್ತವೆ.

ಕೋಸ್ಟರಿಕಾದ ಕಾಡಿನಲ್ಲಿ ಬಹುಕಾಲ ದುಡಿದ ಅಲೆಕ್ಸಾಂಡರ್ ಸ್ಕಚ್ 1949ರಲ್ಲಿಯೇ ಒಂದು ವಿಚಾರ ಮಂಡಿಸಿದ್ದರು. ಗೂಡಿಗೆ ಹೋಗಿಬರುವ ಸಂಖ್ಯೆ ಹೆಚ್ಚಾದಷ್ಟೂ ಶತ್ರುವಿನ ಕಣ್ಣಿಗೆ ಬೀಳುವ ಅಪಾಯ ಹೆಚ್ಚು, ಆದ್ದರಿಂದಲೇ ಉಷ್ಣವಲಯದ ಹಕ್ಕಿಗಳು ಕಡಿಮೆ ಮೊಟ್ಟೆಯಿಟ್ಟು, ಕಡಿಮೆ ಸಲ ಗುಟುಕು ತರುತ್ತವೆ ಎಂಬುದು ಅದರ ತಿರುಳು. ಮರಿಗಳ ಹಿಕ್ಕೆಯನ್ನು ಸಹ ತಂದೆ ತಾಯಿಗಳು ಬಿಳಿ ಪೊರೆಯ ಚೀಲವಾಗಿ ಕೊಕ್ಕಿನಲ್ಲಿ ಎತ್ತಿ ದೂರ ಹಾಕುತ್ತವೆ, ಗೂಡಿನ ಕೆಳಗೆ ಗುರುತು ಬೀಳಬಾರದೆಂದು. ಅಷ್ಟು ಎಚ್ಚರದ ಜೀವಿಯ ಮುಂದೆ ಮುಕ್ಕಾಲಿ ಹೂಡಿ ಕುಳಿತರೆ ಆಗುವುದೇನೆಂದು ನೀವೇ ಯೋಚಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಯ ಮೊಟ್ಟೆಗೂ ಗೂಡಿಗೂ ತೊಂದರೆ ಕೊಡುವುದು ಬೇಟೆಯ ಲೆಕ್ಕಕ್ಕೇ ಬರುತ್ತದೆ. ಭೀಮಗಡ ಅಭಯಾರಣ್ಯದ ಗಡಿ ಅಲ್ಲಿಂದ ದೂರವೂ ಇಲ್ಲ. ಹಕ್ಕಿ ಹುಳು ಹಿಡಿಯುವ ಕಡೆ, ನೀರಿಗೆ ಇಳಿಯುವ ಕಡೆ ಕಾಯಿರಿ. ಹಳ್ಳದ ಬದಿಯಲ್ಲಿ ಮಧ್ಯಾಹ್ನ ಮೀಯಲು ಬಂದ ರಾಜಹಕ್ಕಿಯ ಚಿತ್ರ ಗೂಡಿನ ಚಿತ್ರಕ್ಕಿಂತ ಚೆನ್ನಾಗಿಯೇ ಬರುತ್ತದೆ.

ಜಾಂಬೋಟಿ ಹಾದಿ:

ಮಾಸ್ತರರ ಮಾತಿಗೆ ನನ್ನ ಸಹಮತವಿದೆ. ಗೋಕಾಕದ ಅಣ್ಣ ಬರುವುದಾದರೆ ಹಳ್ಳದ ಜಾಗ ತೋರಿಸುತ್ತೇನೆ, ಗೂಡಿನದಲ್ಲ.

ಇಂಡಿ ನಿಂಬೆ:

ಕಾಡಿನ ಚರ್ಚೆಯಲ್ಲಿ ತೋಟದ ಮಾತು ತರುತ್ತಿದ್ದೇನೆ, ಮನ್ನಿಸಿ. ನಮ್ಮ ನಿಂಬೆಗಿಡದಲ್ಲಿ ಸಿಂಪಿಗ ಹಕ್ಕಿ ಎಲೆ ಹೊಲಿದಿದೆ, ಒಳಗೆ ಮೊಟ್ಟೆಗಳಿವೆ. ಬಹಾರಕ್ಕೆ (ಹೂ ಬಿಡುವ ಹಂಗಾಮಿಗೆ) ಮುಂಚೆ ಒಣಟೊಂಗೆ ಸವರಿಸಬೇಕು, ಔಷಧಿಯನ್ನೂ ಹೊಡೆಯಬೇಕು. ಎಷ್ಟು ದಿನ ತಡೆದರೆ ಸಾಕು? ಪಕ್ಕದ ಗಿಡಕ್ಕೆ ಗೂಡನ್ನು ಸ್ಥಳಾಂತರಿಸಬಹುದೇ?

ವಿಜಯಪುರ ಬಯಲು:

ಸ್ಥಳಾಂತರಿಸಲು ಹೋಗಬೇಡಿ. ಎಲೆ ಗಿಡದ ಮೇಲೆ ಜೀವಂತವಾಗಿದ್ದರೆ ಮಾತ್ರ ಆ ಗೂಡಿಗೆ ಅರ್ಥ, ಕಡ್ಡಿ ಕತ್ತರಿಸಿದ ಮರುದಿನವೇ ಎಲೆ ಬಾಡಿ ಬಣ್ಣ ತಿರುಗಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಸಿಂಪಿಗ ಹಕ್ಕಿ ಸಾಮಾನ್ಯವಾಗಿ 3 ಮೊಟ್ಟೆಗಳ ಆಸುಪಾಸಿನಲ್ಲಿ ಇಡುತ್ತದೆ. ಸುಮಾರು 12 ದಿನಗಳಲ್ಲಿ ಮರಿಯಾಗುತ್ತದೆ, ಮತ್ತೆ ಎರಡು ವಾರಕ್ಕೆ ಮರಿಗಳು ಹೊರಬೀಳುತ್ತವೆ. ಹೊರಬಿದ್ದ ಮೇಲೂ ಕೆಲವು ದಿನ ಪಕ್ಕದ ಗಿಡಗಳಲ್ಲೇ ಕುಳಿತು ಗುಟುಕು ಬೇಡುತ್ತವೆ. ಆದ್ದರಿಂದ ಆ ಗಿಡವನ್ನೂ ಅದರ ಸುತ್ತಲಿನ ನಾಲ್ಕೈದು ಗಿಡಗಳನ್ನೂ ಸುಮಾರು ಒಂದು ತಿಂಗಳು ಬಿಟ್ಟು ಉಳಿದ ತೋಟದ ಕೆಲಸ ನಡೆಸಿ. ಔಷಧಿಯನ್ನು ಆ ಸಾಲಿಗೆ ಹೊಡೆಯಬೇಡಿ. ನಿಂಬೆಯ ಎಲೆ ತಿನ್ನುವ ಹುಳುಗಳೇ ಮರಿಗಳಿಗೆ ಆಹಾರ, ವಿಷ ಬಿದ್ದ ಹುಳು ಮರಿಯ ಬಾಯಿಗೆ ಹೋಗುವುದು ಬೇಡ. ಗಿಡದ ಮೇಲೆ ಚಗಳಿ ಇರುವೆ ಹತ್ತುತ್ತಿದ್ದರೆ ಮಾತ್ರ ಗಮನಿಸಿ, ಅವು ಮರಿಗಳನ್ನು ಕಚ್ಚುತ್ತವೆ.

ಇಂಡಿ ನಿಂಬೆ:

ಆಗಲಿ ಅಕ್ಕಾವ್ರೆ, ಆ ಸಾಲಿಗೆ ಕೆಂಪು ಬಟ್ಟೆ ಕಟ್ಟಿ ಆಳುಗಳಿಗೆ ಹೇಳಿಬಿಡುತ್ತೇನೆ. ಮರಿ ಹೋದ ಮೇಲೆ ಖಾಲಿ ಗೂಡನ್ನು ತೆಗೆಯಬಹುದಷ್ಟೇ?

ವಿಜಯಪುರ ಬಯಲು:

ಬಟ್ಟೆಯನ್ನು ಸಾಲಿನ ಮೊದಲ ಗಿಡಕ್ಕೆ ಕಟ್ಟಿ, ಗೂಡಿರುವ ಗಿಡಕ್ಕೆ ಬೇಡ. ಖಾಲಿ ಗೂಡನ್ನು ಸವರುವಾಗ ತೆಗೆದರೆ ತಪ್ಪಿಲ್ಲ, ಆದರೆ ಕೆಲವು ದಿನ ಬಿಟ್ಟರೆ ಒಳ್ಳೆಯದು. ಹಲವು ಸಣ್ಣ ಹಕ್ಕಿಗಳು ಹಳೆಯ ಗೂಡಿನ ಅರಳೆ, ಬಲೆಗಳನ್ನು ಬಿಚ್ಚಿ ಹೊಸದಕ್ಕೆ ಒಯ್ಯುತ್ತವೆ. ಬೆಳ್ಗಣ್ಣವಂತೂ ಬೇರೆಯವರ ಗೂಡಿನಿಂದಲೂ ಕದಿಯುತ್ತದೆ.